ಕೋಟೆಗೊಂದು ಕಿಂಡಿ, ಆಟಕ್ಕೊಂದು ಸುರಂಗ

(ಕಲಘಟಗಿ ತಾಲೂಕಿನ ತಂಬೂರಿನಲ್ಲಿ ಪಾಲಕರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂಥ ಸಭೆಗಳಲ್ಲಿ ಕಂಪ್ಯೂಟರಿನ ವಿಷಯ ಮಾತಾಡುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಮೊಬೈಲು ಬಂದು ಮಕ್ಕಳು ಕೆಟ್ಟರು ಎಂಬುದು ಒಂದು. ಮೊಬೈಲು ಬಂದು ದೇಶ ಮುಂದುವರಿಯಿತು ಎಂಬುದು ಇನ್ನೊಂದು. ಇವೆರಡನ್ನೂ ನಾನು ಹೇಳುವುದಿಲ್ಲ. ಒಬ್ಬ ತಂದೆ ನನಗೆ ಕೇಳಿದ ಪ್ರಶ್ನೆಗೆ ಅಂದು ಕೊಡಲಾಗದೇ ಹೋದ ಉತ್ತರವನ್ನು ಇಂದು ನಿಮ್ಮೆದುರು ಕೊಡಲು ಯತ್ನಿಸುತ್ತೇನೆ.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಜಾಲದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ದಿನಗಳ ಮಾತು. ಒಂದು ಮುಂಜಾನೆ ಕಾಲೇಜಿಗೆ ದೂರು ಬಂತು. ಹೊರದೇಶದ ಒಂದು ಅಂಗಡಿಯ ಕಂಪ್ಯೂಟರಿಗೆ ನಮ್ಮ ಕಾಲೇಜಿನ ವಿಳಾಸದಿಂದ ಯಾರೋ ಸಾವಿರಾರು ಸಲ ಸುಳ್ಳು ಪಾಸ್‌ವರ್ಡ್ ಹಾಕಿ ಒಳನುಗ್ಗಲು ನೋಡಿದ್ದಾರೆ ಎಂಬುದು ಅದರ ಸಾರಾಂಶ. ದಾಖಲೆ ತಿರುವಿ ನೋಡಿದಾಗ ಜಾಡು ಹಾಸ್ಟೆಲಿನ ಒಂದು ಕೋಣೆಗೆ, ಆ ಕೋಣೆಯ ಒಂದು ಲ್ಯಾಪ್‌ಟಾಪಿಗೆ ಹೋಗಿ ನಿಂತಿತು. ಅದರ ಒಡೆಯ ಈ ಸೀಮೆಯ ಒಕ್ಕಲು ಮನೆತನದ ಹುಡುಗ. ಕರೆದು ಕೇಳಿದರೆ, "ನಾ ಏನೂ ಮಾಡಿಲ್ಲರಿ ಸರ್, ಬರೇ ಆಟ ಆಡೇನಿ" ಎಂದ. ಅವನ ಮಾತನ್ನು ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ. ತಂದೆಯನ್ನು ಕರೆಸಿದರು. ಅವರು ಮೊದಲ ಬಸ್ಸಿಗೆ ಬಂದು, ಟೊಪ್ಪಿಗೆ ಕೈಯಲ್ಲಿ ಹಿಡಿದು ನನ್ನ ಮೇಜಿನೆದುರು ನಿಂತು ಕೇಳಿದರು: "ಸಾಹೇಬ್ರ, ನನ್ನ ಮಗ ಕಳವು ಮಾಡ್ಯಾನೋ, ಆಟ ಆಡ್ಯಾನೋ? ಅಷ್ಟು ಹೇಳ್ರಿ ಸಾಕು."

ನಾನು ಪ್ರಾಕ್ಸಿ ಎಂದೆ, ಫೈರ್‌ವಾಲ್ ಎಂದೆ, ಟನೆಲ್ ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡು, ನಮಸ್ಕಾರ ಮಾಡಿ ಹೊರಟುಹೋದರು. ಈ ಮೂರು ಶಬ್ದಗಳನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಲು ಬಾರದವನು ಅವುಗಳ ಉಸ್ತುವಾರಿ ನೋಡುತ್ತಿದ್ದೆನಲ್ಲ ಎಂದು ಆ ದಿನ ನನಗೆ ನಾಚಿಕೆಯಾಯಿತು.

ಊರಿಗೆ ಅಗಸಿ, ಜಾಲಕ್ಕೆ ಫೈರ್‌ವಾಲ್

ಮೊದಲು ಫೈರ್‌ವಾಲ್. ಅಕ್ಷರಶಃ ಹೇಳಿದರೆ ಬೆಂಕಿಗೋಡೆ. ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿ ಒಂದಕ್ಕೆ ಹತ್ತಿದ ಬೆಂಕಿ ಮತ್ತೊಂದಕ್ಕೆ ದಾಟದಿರಲೆಂದು ನಡುವೆ ಎತ್ತುತ್ತಿದ್ದ ದಪ್ಪ ಗೋಡೆಗೆ ಇದ್ದ ಹೆಸರು ಅದು. ಬಣವಿಯನ್ನು ಮನೆಯಿಂದ ದೂರ ಒಟ್ಟುವ ನಮ್ಮ ಹಿರಿಯರ ಬುದ್ಧಿಯೂ ಇದೇ. ಆದರೆ ಕಂಪ್ಯೂಟರಿನ ಫೈರ್‌ವಾಲ್ ಮಾಡುವ ಕೆಲಸ ನೋಡಿದರೆ ಅದನ್ನು ಗೋಡೆ ಎನ್ನುವುದಕ್ಕಿಂತ ಊರ ಅಗಸಿ ಎನ್ನುವುದು ಸರಿ. ಅಗಸಿಯೆಂದರೆ ಬರೀ ಕಲ್ಲಿನ ಕಮಾನು ಅಲ್ಲ. ಅಲ್ಲಿ ಬಾಗಿಲಿದೆ, ಬಾಗಿಲಲ್ಲಿ ತಳವಾರನಿದ್ದಾನೆ, ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕು ಎಂಬ ಊರಿನ ಕಟ್ಟಳೆ ಅವನ ತಲೆಯಲ್ಲಿದೆ.

ಇಂಟರ್‌ನೆಟ್ಟಿನಲ್ಲಿ ಹರಿದಾಡುವುದೆಲ್ಲವೂ, ಪತ್ರವಾಗಲಿ ಚಿತ್ರವಾಗಲಿ ಆಟವಾಗಲಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ ಹೊರಟಿದೆ, ಎಲ್ಲಿಗೆ ಹೋಗಬೇಕು ಎಂಬ ವಿಳಾಸವಿರುತ್ತದೆ. ಅದರ ಜೊತೆಗೆ ಬಾಗಿಲಿನ ನಂಬರೂ ಇರುತ್ತದೆ. ಇದಕ್ಕೆ ಪೋರ್ಟ್ ಎನ್ನುತ್ತಾರೆ. ತಹಶೀಲ್ದಾರ ಕಚೇರಿಗೆ ಹೋದರೆ ಉತಾರಕ್ಕೆ ಒಂದು ಕಿಟಕಿ, ಜಾತಿ ಪ್ರಮಾಣಪತ್ರಕ್ಕೆ ಇನ್ನೊಂದು ಕಿಟಕಿ ಇರುವುದಿಲ್ಲವೇ? ಕಂಪ್ಯೂಟರಿಗೂ ಹಾಗೆಯೇ 0ಯಿಂದ 65,535ರವರೆಗೆ ನಂಬರು ಹಾಕಿದ ಕಿಟಕಿಗಳಿವೆ. ಮಾಮೂಲಿ ವೆಬ್ ಪುಟಗಳಿಗೆ 80, ಬ್ಯಾಂಕಿನಂಥ ಗುಟ್ಟಿನ ವ್ಯವಹಾರದ ಪುಟಗಳಿಗೆ 443. ಆಟಗಳೂ ತಮ್ಮ ಕಿಟಕಿ ಹಿಡಿದಿವೆ: ಹಾಸ್ಟೆಲುಗಳಲ್ಲಿ ಒಂದು ತಲೆಮಾರನ್ನೇ ನಿದ್ದೆಗೆಡಿಸಿದ ಕೌಂಟರ್ ಸ್ಟ್ರೈಕ್ ರೂಢಿಯಂತೆ 27015ನ್ನು, ಮಕ್ಕಳ ಪ್ರೀತಿಯ ಮೈನ್‌ಕ್ರಾಫ್ಟ್ 25565ನ್ನು ಬಳಸುತ್ತವೆ. "80 ಮತ್ತು 443 ಬಿಟ್ಟು ಉಳಿದ ಕಿಟಕಿಗಳಿಗೆ ಹೋಗುವ ಪೊಟ್ಟಣಗಳನ್ನು ತಡೆ" ಎಂದು ತಳವಾರನಿಗೆ ಹೇಳಿಬಿಟ್ಟರೆ ಓದು ನಡೆಯುತ್ತದೆ, ಆಟ ನಿಲ್ಲುತ್ತದೆ. ನಮ್ಮ ಕಾಲೇಜಿನಲ್ಲಿ ನಾನು ಮಾಡಿದ್ದೂ ಇಷ್ಟೇ.

ಇಂಟರ್‌ನೆಟ್ಟಿಗೆ ಮೊದಲಿನಿಂದ ಅಗಸಿ ಇರಲಿಲ್ಲ. ಅದು ಕೆಲವೇ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಊರಾಗಿತ್ತು; ಎಲ್ಲರೂ ಎಲ್ಲರಿಗೂ ಪರಿಚಯ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಹರಿಯಬಿಟ್ಟ ಪುಟ್ಟ ಪ್ರೋಗ್ರಾಮೊಂದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿತು. ಆಗ ಜಾಲದಲ್ಲಿದ್ದವು ಸುಮಾರು 60,000 ಕಂಪ್ಯೂಟರುಗಳು. ಅವುಗಳಲ್ಲಿ ಸುಮಾರು 6,000 ಕಂಗೆಟ್ಟವೆಂದು ಅಂದಾಜು. ಆ ಪೆಟ್ಟಿನ ನಂತರ ಅಗಸಿ ಕಟ್ಟುವ ಮಾತು ಗಟ್ಟಿಯಾಯಿತು. 1994ರಲ್ಲಿ ಬೆಲ್ ಪ್ರಯೋಗಾಲಯದ ವಿಲಿಯಂ ಚೆಸ್ವಿಕ್ ಮತ್ತು ಸ್ಟೀವನ್ ಬೆಲೊವಿನ್ ಈ ವಿದ್ಯೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಅದರ ಮರುವರ್ಷ, 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸೇವೆ ಆರಂಭಿಸಿದಾಗ. ಅಂದರೆ ನಾವು ಊರೊಳಗೆ ಕಾಲಿಡುವ ಹೊತ್ತಿಗೆ ಅಗಸಿ ಎದ್ದು ನಿಂತಿತ್ತು.

ಆಟದ ಮೇಲೇಕೆ ಕಣ್ಣು?

ಅಗಸಿಯ ತಳವಾರ ಆಟದ ಮೇಲೇ ಏಕೆ ಕಣ್ಣಿಡಬೇಕು ಎಂದು ಹುಡುಗರು ಕೇಳುತ್ತಾರೆ. ಇದಕ್ಕೂ ಒಂದು ಇತಿಹಾಸವಿದೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ ಡೂಮ್ ಎಂಬ ಆಟವನ್ನು ಹೊರತಂದಿತು. ಒಂದೇ ಕಟ್ಟಡದ ಜಾಲದಲ್ಲಿರುವ ನಾಲ್ವರು ಕೂಡಿ ಆಡಬಹುದಾದ ಆಟ. ಅದರ ಮೊದಲ ಆವೃತ್ತಿಗೆ ಒಂದು ದುರಭ್ಯಾಸವಿತ್ತು. ಆಟಗಾರ ಒಂದು ಹೆಜ್ಜೆ ಇಟ್ಟರೆ ಆ ಸುದ್ದಿಯನ್ನು ಜೊತೆಯ ಮೂವರಿಗೆ ಮಾತ್ರ ಹೇಳದೆ, ಜಾಲದಲ್ಲಿದ್ದ ಕಂಪ್ಯೂಟರುಗಳಿಗೆಲ್ಲ ಡಂಗುರ ಸಾರುತ್ತಿತ್ತು. ನಾಲ್ಕು ಜನ ಆಡಿದರೆ ನಾಲ್ಕುನೂರು ಜನರ ಕೆಲಸ ನಿಧಾನವಾಗುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಂಥ ದೊಡ್ಡ ಸಂಸ್ಥೆಗಳೇ ಅದನ್ನು ತಡೆಯಬೇಕಾಯಿತು. ಡಂಗುರದ ದೋಷವನ್ನು ಕಂಪನಿ ಬೇಗನೆ ಸರಿಪಡಿಸಿತು. ಆದರೆ ಆಟವೆಂದರೆ ಜಾಲಕ್ಕೆ ಹೊರೆ ಎಂಬ ಕೆಟ್ಟ ಹೆಸರು ಅಂಟಿದ್ದು ಅಂಟಿಯೇ ಉಳಿಯಿತು.

ನಿಜಕ್ಕೂ ಇಂದು ಒಂದು ಸಿನಿಮಾ ನೋಡುವವನು ಎಳೆಯುವಷ್ಟು ಹೊರೆಯನ್ನು ಆಟಗಾರ ಎಳೆಯುವುದಿಲ್ಲ. ಅವನ ಪೊಟ್ಟಣಗಳು ತೀರ ಸಣ್ಣವು. ಆದರೂ ನಮ್ಮ ಕಾಲೇಜುಗಳು ಆಟದ ಕಿಟಕಿಗಳನ್ನು ಮುಚ್ಚುತ್ತವೆ. ಅದಕ್ಕೆ ಕಾರಣ ಹೊರೆಯಲ್ಲ, ಓದು ಮತ್ತು ನಿದ್ದೆ. ಕಾರಣ ತಪ್ಪಲ್ಲ. ಆದರೆ ಆ ಕಾರಣವನ್ನು ಹುಡುಗರಿಗೆ ನಾವು ಎಂದಾದರೂ ಹೇಳಿದ್ದೇವೆಯೇ? ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ದಲಾಲಿ ಅಂಗಡಿ, ಹುಲ್ಲಿನ ಬಂಡಿ

ಎರಡನೆಯ ಶಬ್ದ ಪ್ರಾಕ್ಸಿ. ನಮ್ಮ ಭತ್ತ, ಗೋವಿನಜೋಳ, ಹತ್ತಿ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಹೋಗುತ್ತದಲ್ಲ, ಅಲ್ಲಿ ನೀವು ನೇರವಾಗಿ ಖರೀದಿದಾರನಿಗೆ ಮಾರುವುದಿಲ್ಲ. ನಡುವೆ ದಲಾಲಿ ಅಂಗಡಿಯವರಿದ್ದಾರೆ. ನಿಮ್ಮ ಮಾಲು ಅವರ ಹೆಸರಿನಲ್ಲಿ ಹೋಗುತ್ತದೆ, ಹಣ ಅವರ ಕೈಯಿಂದ ಬರುತ್ತದೆ. ಕೊಂಡವನಿಗೆ ನೀವು ಯಾರೆಂದು ಗೊತ್ತಿಲ್ಲ, ಅವನು ಯಾರೆಂದು ನಿಮಗೆ ಗೊತ್ತಿಲ್ಲ. ಇಬ್ಬರನ್ನೂ ಬಲ್ಲವನು ದಲಾಲ ಒಬ್ಬನೇ. ಪ್ರಾಕ್ಸಿ ಎಂದರೆ ಕಂಪ್ಯೂಟರ್ ಲೋಕದ ದಲಾಲ. ನಿಮ್ಮ ಪರವಾಗಿ ಅದು ಹೊರಗೆ ಹೋಗಿ ಕೇಳುತ್ತದೆ, ಬಂದದ್ದನ್ನು ನಿಮಗೆ ಒಪ್ಪಿಸುತ್ತದೆ.

ಈ ದಲಾಲನನ್ನು ಮೊದಲು ನೇಮಿಸಿದವರು ಕಳ್ಳದಾರಿ ಹುಡುಕುವವರಲ್ಲ, ಅಗಸಿ ಕಟ್ಟಿದವರೇ ಎಂಬುದು ಸ್ವಾರಸ್ಯದ ಸಂಗತಿ. ಅಗಸಿ ಎದ್ದ ಮೇಲೆ ಒಳಗಿದ್ದ ವಿಜ್ಞಾನಿಗಳಿಗೆ ಹೊರಗಿನ ವೆಬ್ ಪುಟಗಳು ಸಿಗದಾದವು. ಅದಕ್ಕಾಗಿ 1994ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್ ಪ್ರಾಕ್ಸಿ ರೂಪುಗೊಂಡಿತು. ಅಗಸಿಯಲ್ಲೇ ಕುಳಿತ ನಂಬಿಗಸ್ತ ಒಬ್ಬನೇ ಎಲ್ಲರ ಪರವಾಗಿ ಹೊರಗೆ ಹೋಗಿಬರುವ ಏರ್ಪಾಡು. ಒಬ್ಬರಿಗೆ ತಂದ ಪುಟದ ಪ್ರತಿಯನ್ನು ಇಟ್ಟುಕೊಂಡು ಮುಂದೆ ಕೇಳಿದ ಹತ್ತು ಜನರಿಗೆ ಅಲ್ಲಿಂದಲೇ ಕೊಡುವ ಉಳಿತಾಯವೂ ಅದರಲ್ಲಿತ್ತು.

ಮೂರನೆಯದು ಟನೆಲ್, ಅಂದರೆ ಸುರಂಗ. ಇದನ್ನು ತಿಳಿಯಲು ಇಲ್ಲಿರುವ ಹಿರಿಯರು ತಮ್ಮ ಎಳೆತನ ನೆನೆಯಬೇಕು. ಧಾನ್ಯದ ಸಾಗಣೆಗೆ ಸರಕಾರದ ನಿರ್ಬಂಧವಿದ್ದ, ಭತ್ತಕ್ಕೆ ಲೆವಿ ಇದ್ದ ಕಾಲ. ದಾರಿಯ ನಾಕಾದಲ್ಲಿ ಬಂಡಿ ನಿಲ್ಲಿಸುತ್ತಿದ್ದರು. ಹುಲ್ಲಿನ ಬಂಡಿಗೆ ತಡೆಯಿಲ್ಲ, ಭತ್ತದ ಬಂಡಿಗೆ ತಡೆ. ಆಗ ಕೆಲವರು ಏನು ಮಾಡುತ್ತಿದ್ದರು? ಕೆಳಗೆ ಭತ್ತದ ಚೀಲ, ಮೇಲೆ ಹುಲ್ಲು. ನಾಕಾದವನು ಕಂಡದ್ದು ಹುಲ್ಲು, ಬಿಟ್ಟದ್ದು ಬಂಡಿ. ಸುರಂಗ ಎಂದರೆ ಇಷ್ಟೇ: ತಡೆಯಿರುವ ಪೊಟ್ಟಣವನ್ನು ತಡೆಯಿಲ್ಲದ ಪೊಟ್ಟಣದ ಹೊಟ್ಟೆಯೊಳಗಿಟ್ಟು ಸಾಗಿಸುವುದು. ಅಗಸಿ ದಾಟಿದ ಮೇಲೆ ಹೊರಗೆ ಕಾದಿರುವ ದಲಾಲ ಹುಲ್ಲು ಸರಿಸಿ, ಒಳಗಿನ ಪೊಟ್ಟಣ ತೆಗೆದು, ಆಟದ ಮನೆಗೆ ಮುಟ್ಟಿಸುತ್ತಾನೆ; ಅಲ್ಲಿಂದ ಬಂದ ಉತ್ತರವನ್ನು ಮತ್ತೆ ಹುಲ್ಲಿನೊಳಗಿಟ್ಟು ಕಳಿಸುತ್ತಾನೆ.

ಈ ಹುಲ್ಲಿನ ಬಂಡಿಗೆ ದಾರಿ ಬಿಟ್ಟದ್ದೂ ಅಗಸಿಯೇ. ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಆರಂಭವಾದಾಗ ಗಿರಾಕಿಯ ಬ್ಯಾಂಕಿನ ಗುಟ್ಟು ದಲಾಲನಿಗೂ ಕಾಣಬಾರದಲ್ಲ ಎಂಬ ಚಿಂತೆ ಹುಟ್ಟಿತು. ಅದಕ್ಕಾಗಿ ಪ್ರಾಕ್ಸಿಗೆ "ಕನೆಕ್ಟ್" ಎಂಬ ಒಂದು ಆಜ್ಞೆಯನ್ನು ಕಲಿಸಿದರು. ಈ ವಿಳಾಸಕ್ಕೆ ದಾರಿ ಕಲ್ಪಿಸು, ಆಮೇಲೆ ಲಕೋಟೆ ಒಡೆಯದೆ ಹಾಗೇ ದಾಟಿಸು ಎಂಬುದು ಅದರ ಅರ್ಥ. ಬ್ಯಾಂಕಿಗೆಂದು ಇಟ್ಟ ಆ ದಾರಿಯಲ್ಲೇ ಆಟವೂ ನುಸುಳಿತು. ಲಕೋಟೆ ಒಡೆಯುವುದಿಲ್ಲ ಎಂದು ಒಮ್ಮೆ ಮಾತು ಕೊಟ್ಟ ಮೇಲೆ ಒಳಗೆ ಬ್ಯಾಂಕಿನ ಚೀಟಿ ಇದೆಯೋ ಆಟದ ಗುಂಡು ಇದೆಯೋ ತಳವಾರನಿಗೆ ಹೇಗೆ ತಿಳಿಯಬೇಕು?

ಸುರಂಗ ತೋಡುವ ವಿದ್ಯೆಯೇ ಕೆಟ್ಟದ್ದೆಂದು ಮಾತ್ರ ತಿಳಿಯಬೇಡಿ. 1995ರಲ್ಲಿ ಕಾಲಿ ಎಂಬ ಪ್ರೋಗ್ರಾಮು ಬಂತು. ಒಂದೇ ಕಟ್ಟಡದೊಳಗೆ ಆಡಲೆಂದು ಮಾಡಿದ ಆಟಗಳ ಪೊಟ್ಟಣಗಳನ್ನು ಇಂಟರ್‌ನೆಟ್ಟಿನ ಪೊಟ್ಟಣದೊಳಗಿಟ್ಟು ದೇಶದ ಈ ಮೂಲೆಯವನು ಆ ಮೂಲೆಯವನೊಡನೆ ಆಡುವಂತೆ ಅದು ಮಾಡಿತು. ಯಾರ ಕಣ್ಣನ್ನೂ ತಪ್ಪಿಸುವ ಉದ್ದೇಶ ಅಲ್ಲಿರಲಿಲ್ಲ. ಅದೇ ವರ್ಷ ಫಿನ್ಲೆಂಡಿನ ಟಾಟು ಯಲೋನೆನ್, ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳುತ್ತಿದ್ದುದನ್ನು ಕಂಡು, ಎಸ್‌ಎಸ್‌ಎಚ್ ಎಂಬ ಗುಟ್ಟಿನ ದಾರಿ ರೂಪಿಸಿದ. ಇಂದು ವಿಪಿಎನ್ ಎಂದು ನೀವು ಕೇಳುವುದೂ ಒಂದು ಬಗೆಯ ಸುರಂಗವೇ. ಬ್ಯಾಂಕುಗಳು, ಕಂಪನಿಗಳು ತಮ್ಮ ಕೆಲಸಕ್ಕೆ ಅದನ್ನು ನಿತ್ಯವೂ ಬಳಸುತ್ತವೆ.

ಕೊಂಕಣ ಸುತ್ತಿ ಮೈಲಾರಕ್ಕೆ

ಸುರಂಗದಲ್ಲಿ ಹೋದರೆ ಆಟ ಚೆನ್ನಾಗಿ ನಡೆಯುತ್ತದೆಯೇ? ಇಲ್ಲ. ಏಕೆಂದು ಹೇಳುತ್ತೇನೆ, ಹುಡುಗರು ಇದನ್ನು ಕಿವಿಗೊಟ್ಟು ಕೇಳಬೇಕು.

ಜಾಲದಲ್ಲಿ ಪೊಟ್ಟಣ ಕಳಿಸುವ ಮುಖ್ಯ ಪದ್ಧತಿಗಳು ಎರಡು. ಟಿಸಿಪಿ ಎಂಬುದು ನಾವು ಕಂಡ ರಜಿಸ್ಟರ್ ಅಂಚೆಯಂತೆ. ಮುಟ್ಟಿತೆಂದು ಸಹಿ ಬರಬೇಕು, ಬಾರದಿದ್ದರೆ ಮತ್ತೆ ಕಳಿಸಬೇಕು. ಅಷ್ಟೇ ಅಲ್ಲ, ಸೋಮವಾರದ ಪತ್ರ ದಾರಿಯಲ್ಲಿ ಕಳೆದಿದ್ದರೆ ಅದು ಮತ್ತೆ ಬಂದು ಮುಟ್ಟುವವರೆಗೆ ಮಂಗಳವಾರದ, ಬುಧವಾರದ ಪತ್ರಗಳನ್ನು ಕೈಗೆ ಕೊಡುವುದಿಲ್ಲ. ಯುಡಿಪಿ ಎಂಬುದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಹೇಳಿದಂತೆ. ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಮುಂದಿನ ಕೂಗು. ವೇಗದ ಆಟಗಳಿಗೆ ಬೇಕಾದದ್ದು ಈ ಕೂಗು. ಕಬಡ್ಡಿಯಲ್ಲಿ ಎದುರಾಳಿ ಈಗ ಎಲ್ಲಿದ್ದಾನೆ ಎಂಬುದು ಮುಖ್ಯವೇ ಹೊರತು, ಆಗಲೇ ಎಲ್ಲಿದ್ದ ಎಂಬುದನ್ನು ಕಟ್ಟಿಕೊಂಡು ಏನು ಮಾಡುವುದು? ಆದರೆ ವೆಬ್ ಪ್ರಾಕ್ಸಿಯ "ಕನೆಕ್ಟ್" ದಾರಿ ರಜಿಸ್ಟರ್ ಅಂಚೆಯ ದಾರಿ. ಕೂಗನ್ನು ಲಕೋಟೆಯಲ್ಲಿ ಹಾಕಿ ರಜಿಸ್ಟರ್ ಮಾಡಿದರೆ ಏನಾದೀತು? ಒಂದು ಪತ್ರ ಕಳೆದರೆ ಹಿಂದಿನವೆಲ್ಲ ನಿಲ್ಲುತ್ತವೆ, ಆಮೇಲೆ ಒಮ್ಮೆಲೇ ಬಂದು ಬೀಳುತ್ತವೆ. ಪರದೆಯ ಮೇಲೆ ಮನುಷ್ಯ ಗಕ್ಕನೆ ನಿಂತು ಆಮೇಲೆ ಹಾರಿ ಬೀಳುವುದು ಇದಕ್ಕೇ. 1996ರಲ್ಲಿ ಬಂದ ಸಾಕ್ಸ್ ಪ್ರಾಕ್ಸಿಯ 5ನೆಯ ಆವೃತ್ತಿಯಲ್ಲಿ ಕೂಗನ್ನು ಕೂಗಾಗಿಯೇ ಒಯ್ಯುವ ಏರ್ಪಾಡು ಇದೆ; ಆದರೆ ಕೂಗಿಗೇ ಬಾಗಿಲು ಹಾಕಿದ ಅಗಸಿಯ ಮುಂದೆ ಅದೂ ನಿಲ್ಲುತ್ತದೆ.

ಇನ್ನು ದೂರದ ಲೆಕ್ಕ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆಟದ ಸರ್ವರ್ ಮುಂಬಯಿಯಲ್ಲಿದೆ ಎನ್ನಿ. ಹುಬ್ಬಳ್ಳಿಯಿಂದ ನೇರ ಗೆರೆಯಲ್ಲಿ 500 ಕಿಲೋಮೀಟರಿನೊಳಗೆ. ಹೋಗಿಬರಲು ಬೆಳಕಿಗೆ ಸೆಕೆಂಡಿನ ಸಾವಿರದಲ್ಲಿ 5 ಪಾಲು ಸಾಕು. ದಲಾಲ ಆಮ್‌ಸ್ಟರ್‌ಡಾಮಿನಲ್ಲಿ ಕುಳಿತಿದ್ದರೆ ಪೊಟ್ಟಣ ಸುಮಾರು 7,000 ಕಿಲೋಮೀಟರ್ ಅಲ್ಲಿಗೆ ಹೋಗಿ, ಅಲ್ಲಿಂದ ಅಷ್ಟೇ ದೂರ ಮುಂಬಯಿಗೆ ಬಂದು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಒಟ್ಟು 28,000 ಕಿಲೋಮೀಟರ್. ಬೆಳಕಿನ ವೇಗದಲ್ಲೇ ಹೋದರೂ ಸಾವಿರದಲ್ಲಿ 140 ಪಾಲು ಬೇಕು. ತಂತಿಗಳು ನೇರ ಗೆರೆಯಲ್ಲಿ ಹಾಯುವುದಿಲ್ಲವಾದ್ದರಿಂದ ನಿಜವಾದ ಲೆಕ್ಕ ಇನ್ನೂ ಹೆಚ್ಚು. ಎದುರಾಳಿಯನ್ನು ಕಂಡು ಬೆರಳು ಒತ್ತಲು ಮನುಷ್ಯನಿಗೆ ಬೇಕಾಗುವುದು ಸಾವಿರದಲ್ಲಿ ಹೆಚ್ಚುಕಡಿಮೆ 200 ಪಾಲು. ಅಷ್ಟರಲ್ಲಿ ಬಹುಪಾಲು ದಾರಿಯಲ್ಲೇ ಕಳೆದುಹೋಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದು ಎಂದರೆ ಇದು.

ತಳವಾರನೂ ಸುಮ್ಮನೆ ಕೂರುವುದಿಲ್ಲ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಸ್ಪರ್ಧೆ ಇದು. ಹುಲ್ಲಿನ ಬಂಡಿಯ ಗಾಲಿ ನೆಲದಲ್ಲಿ ಅಷ್ಟು ಆಳ ಹೂಳುವುದೇಕೆ ಎಂದು ಹಳೆಯ ನಾಕಾದವನು ಅನುಮಾನಪಡುತ್ತಿದ್ದನಲ್ಲ, ಇಂದಿನ ಫೈರ್‌ವಾಲೂ ಹಾಗೆಯೇ ಅನುಮಾನಪಡುತ್ತದೆ. ಲಕೋಟೆ ಒಡೆಯದಿದ್ದರೂ ಪೊಟ್ಟಣಗಳ ಗಾತ್ರ, ಅವು ಬರುವ ಲಯ, ಎಷ್ಟು ಹೊತ್ತು ಒಂದೇ ವಿಳಾಸಕ್ಕೆ ಹೋಗುತ್ತಿವೆ ಎಂಬುದನ್ನು ನೋಡುತ್ತದೆ. ವೆಬ್ ಪುಟ ಓದುವವನು ಒಮ್ಮೆ ತರಿಸಿಕೊಂಡು ನಿಧಾನವಾಗಿ ಓದುತ್ತಾನೆ. ನಡುರಾತ್ರಿಯಲ್ಲಿ ಸೆಕೆಂಡಿಗೆ ಹತ್ತಾರು ಪುಟ್ಟ ಪೊಟ್ಟಣಗಳನ್ನು ಗಂಟೆಗಟ್ಟಲೆ ಒಂದೇ ಸಮ ಕಳಿಸುವವನು ಏನನ್ನು ಓದುತ್ತಿದ್ದಾನು?

ರಾಜ್ಯದ ಬಾಗಿಲು, ದೇಶದ ಬಾಗಿಲು

ಇಷ್ಟು ಹೊತ್ತು ಕಾಲೇಜಿನ ಅಗಸಿಯ ಮಾತಾಯಿತು. ರಾಜ್ಯಕ್ಕೆ, ದೇಶಕ್ಕೆ ಕೂಡ ಅಗಸಿಗಳಿವೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಪಬ್‌ಜಿ ಮೊಬೈಲ್ ಒಂದು. ನಮ್ಮ ಹಳ್ಳಿಗಳ ಗುಡಿಕಟ್ಟೆಯ ಮೇಲೆ ಸಾಲಾಗಿ ಕುಳಿತು ಆಡುತ್ತಿದ್ದ ಹುಡುಗರಿಗೆ ವಿಪಿಎನ್ ಎಂಬ ಶಬ್ದ ಬಾಯಿಗೆ ಬಂದದ್ದು ಆ ನಿಷೇಧದ ನಂತರ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ತಡೆ ಹಾಕಿತು. 2022ರ ಫೆಬ್ರುವರಿ 14ರಂದು ನಮ್ಮ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2022ರ ಏಪ್ರಿಲ್ 28ರಂದು ಕೇಂದ್ರದ ಸೆರ್ಟ್-ಇನ್ ಸಂಸ್ಥೆ, ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸಗಳನ್ನು 5 ವರ್ಷ ಕಾಯ್ದಿಡಬೇಕೆಂದು ಆದೇಶಿಸಿತು; ಕೆಲವು ವಿದೇಶಿ ಕಂಪನಿಗಳು ತಮ್ಮ ಸರ್ವರುಗಳನ್ನೇ ಭಾರತದಿಂದ ಕಿತ್ತುಕೊಂಡು ಹೋದವು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾನೂನು ಮಾಡಿತು. ಹಣ ಪಣಕ್ಕಿಡದ ಇ-ಸ್ಪೋರ್ಟ್ಸ್ ಸ್ಪರ್ಧೆಗಳಿಗೆ ಅದೇ ಕಾನೂನು ಮಾನ್ಯತೆಯನ್ನೂ ಕೊಟ್ಟಿತು. ಆಟ ಬೇರೆ, ಜೂಜು ಬೇರೆ ಎಂದು ಕಾನೂನೇ ಗೆರೆ ಎಳೆದಿದೆ. ಪಾಲಕರು ಈ ಗೆರೆಯನ್ನು ನೆನಪಿಡಬೇಕು. ಮಗ ಹಣ ಕಟ್ಟಿ ಆಡಲು ಕದ್ದು ಹೊರಹೋಗುತ್ತಿದ್ದರೆ ಅದು ಕಾಲೇಜಿನ ಶಿಸ್ತಿನ ವಿಷಯವಾಗಿ ಉಳಿಯುವುದಿಲ್ಲ.

ಎರಡು ಕಿಂಡಿಗಳು

ಕನ್ನಡ ನಾಡಿನಲ್ಲಿ ಎರಡು ಕಿಂಡಿಗಳು ಪ್ರಸಿದ್ಧ. ಒಂದು ಉಡುಪಿಯಲ್ಲಿದೆ. ನಮ್ಮ ಹಳೆಯ ಧಾರವಾಡ ಜಿಲ್ಲೆಯ ಬಾಡದ ಕನಕದಾಸರಿಗೆ ಮುಂಬಾಗಿಲು ಮುಚ್ಚಿದಾಗ ಗೋಡೆಯೇ ಬಿರಿದು ಕಿಂಡಿಯಾಯಿತೆಂದು ಜನ ನಂಬಿದ್ದಾರೆ. ಗೋಡೆಗಳೆಲ್ಲ ನ್ಯಾಯದ ಗೋಡೆಗಳಲ್ಲ ಎಂಬುದನ್ನು ಆ ಕಿಂಡಿ ಇಂದಿಗೂ ಹೇಳುತ್ತಿದೆ. ಇನ್ನೊಂದು ಚಿತ್ರದುರ್ಗದ ಕೋಟೆಯಲ್ಲಿದೆ. ಮೊಸರು ಮಾರುವ ಹೆಂಗಸೊಬ್ಬಳು ದೊಡ್ಡ ಬಾಗಿಲಿನ ತಂಟೆ ಬೇಡವೆಂದು ಬಂಡೆಗಳ ನಡುವಿನ ಸಂದಿಯಲ್ಲಿ ಓಡಾಡುತ್ತಿದ್ದಳಂತೆ. ಅವಳ ಮನಸ್ಸಿನಲ್ಲಿ ದ್ರೋಹವಿರಲಿಲ್ಲ, ಮೊಸರು ಮಾರಿ ಮನೆಗೆ ಹೋಗುವುದಷ್ಟೇ ಇತ್ತು. ಆದರೆ ಅವಳು ನುಸುಳಿದ್ದನ್ನು ಹೈದರಾಲಿಯ ಸೈನಿಕರು ಕಂಡರು. ಅದೇ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಗ್ಗಿದರು. ಒನಕೆ ಹಿಡಿದ ಓಬವ್ವ ಅಲ್ಲಿ ನಿಲ್ಲದಿದ್ದರೆ ಅಂದೇ ಕೋಟೆ ಹೋಗುತ್ತಿತ್ತು ಎಂಬುದು ಕಥೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ನಿಂತದ್ದು ನಮಗೆಲ್ಲ ನೆನಪಿದೆ. ಮೊಸರಿನವಳನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹುಡುಗರೇ, ನೀವು ಮೊಸರಿನವಳು. ಹೊರಗೆ ಹೋಗಲು ಮಾಡಿಕೊಂಡ ಕಿಂಡಿಯಿಂದ ಒಳಗೂ ಬರಬಹುದು. ಸುರಂಗಕ್ಕೆ ಎರಡು ಬಾಯಿ. ನೀವು ತಪ್ಪಿಸಿಕೊಂಡ ತಳವಾರ ನಿಮಗೆ ಗೊತ್ತಿರುವವನು, ಅವನ ಕೋಣೆ ಎಲ್ಲಿದೆಯೆಂದು ಗೊತ್ತು, ಹೋಗಿ ಜಗಳ ಮಾಡಬಹುದು. ನೀವು ಹೋಗಿ ಸೇರಿದ ದಲಾಲ ಯಾರು? ಅವನ ಹೆಸರೇನು, ಊರು ಯಾವುದು? ದುಡ್ಡಿಲ್ಲದೆ ನಿಮ್ಮ ಮಾಲು ಸಾಗಿಸಲು ಅವನಿಗೇನು ಬಂದಿದೆ? ಅಮರಗೋಳದಲ್ಲಿ ದಲಾಲಿ ತೆಗೆದುಕೊಳ್ಳದ ದಲಾಲನನ್ನು ನಿಮ್ಮ ತಂದೆ ಎಂದಾದರೂ ಕಂಡಿದ್ದಾರೆಯೇ?

2015ರಲ್ಲಿ ಹೋಲಾ ಎಂಬ ಉಚಿತ ವಿಪಿಎನ್ ಸೇವೆಯ ಸಂಗತಿ ಹೊರಬಿತ್ತು. ಅದನ್ನು ಉಚಿತವಾಗಿ ಬಳಸಿದವರ ಕಂಪ್ಯೂಟರುಗಳೇ ಬೇರೆಯವರಿಗೆ ಹೊರಬಾಗಿಲಾಗುತ್ತಿದ್ದವು. ಆ ದಾರಿಯನ್ನು ಲುಮಿನಾಟಿ ಎಂಬ ಸೇವೆಯ ಹೆಸರಿನಲ್ಲಿ ದುಡ್ಡು ಕೊಟ್ಟವರಿಗೆ ಮಾರಲಾಗುತ್ತಿತ್ತು. ಆ ದಾರಿ ಹಿಡಿದು ಒಂದು ಜಾಲತಾಣದ ಮೇಲೆ ದಾಳಿಯೂ ನಡೆಯಿತು. ಪೊಟ್ಟಣದ ಮೇಲೆ ಬರೆದಿರುವುದು ದಾಳಿ ಮಾಡಿದವನ ವಿಳಾಸವಲ್ಲ, ಬಾಗಿಲು ಕೊಟ್ಟ ಅಮಾಯಕನ ವಿಳಾಸ. ಇನ್ನೂ ಕೆಲವು ದಲಾಲರು "ಈ ಪ್ರಮಾಣಪತ್ರವನ್ನು ನಿಮ್ಮ ಫೋನಿಗೆ ಹಾಕಿಕೊಳ್ಳಿ" ಎನ್ನುತ್ತಾರೆ. ಹಾಕಿಕೊಂಡಿರೋ, ನಿಮ್ಮ ಬ್ಯಾಂಕಿನ ಮುಚ್ಚಿದ ಲಕೋಟೆಯನ್ನೂ ಒಡೆದು ನೋಡಿ ಮತ್ತೆ ಅಂಟಿಸುವ ಅಧಿಕಾರ ಅವರಿಗೆ ಬಂತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಬೇರೆ ಏನು?

ನಮ್ಮ ಆ ಹುಡುಗನಿಗೆ ಆದದ್ದೂ ಇದೇ. ದೂರು ಬಂದು ವಾರದ ಮೇಲೆ ನಾನು ದಾಖಲೆಯನ್ನು ಮತ್ತೊಮ್ಮೆ ಸಾವಧಾನವಾಗಿ ನೋಡಿದೆ. ದೂರಿನಲ್ಲಿ ಬರೆದಿದ್ದ ವೇಳೆಗೆ ಆ ಹುಡುಗ ಪರೀಕ್ಷಾ ಕೋಣೆಯಲ್ಲಿದ್ದ, ಹಾಜರಿಯಲ್ಲಿ ಸಹಿಯಿತ್ತು. ಕೋಣೆಯಲ್ಲಿ ಲ್ಯಾಪ್‌ಟಾಪ್ ಮಾತ್ರ ಉರಿಯುತ್ತಿತ್ತು, ಅದರೊಳಗೆ ಆಟಕ್ಕೆಂದು ಹಾಕಿಕೊಂಡ ಉಚಿತ ಸುರಂಗ ತೆರೆದೇ ಇತ್ತು. ಯಾವುದೋ ದೇಶದ ಯಾವನೋ ಆ ಕಿಂಡಿಯಲ್ಲಿ ಬಂದು, ನಮ್ಮ ವಿಳಾಸದ ಅಂಗಿ ತೊಟ್ಟು ತನ್ನ ಕೆಲಸ ಮಾಡಿಕೊಂಡು ಹೋಗಿದ್ದ. ನಾನು ಅದನ್ನು ಮೇಲಿನವರಿಗೆ ಬರೆದುಕೊಟ್ಟೆ. ಅಷ್ಟರಲ್ಲಿ ಹುಡುಗನನ್ನು ಹಾಸ್ಟೆಲಿನಿಂದ ಹೊರಹಾಕಿ ಆಗಿತ್ತು. ಮತ್ತೆ ಒಳಗೆ ಸೇರಿಸಿಕೊಳ್ಳುವವರೆಗೆ ಒಂದು ತಿಂಗಳು ಅವನು ಊರಿನಿಂದ ಬಸ್ಸಿನಲ್ಲಿ ಓಡಾಡಿ ಉಳಿದ ಪರೀಕ್ಷೆಗಳನ್ನು ಬರೆದ.

ಕಿಂಡಿ ಬೇಕಾದದ್ದೇಕೆ?

ನಾನು ಹಾಸ್ಟೆಲಿನ ಫಲಕದ ಮೇಲೆ ಹಾಕಿದ್ದು ಒಂದೇ ಸಾಲು: ಆಟಗಳಿಗೆ ನಿಷೇಧ. ಏಕೆಂದು ಬರೆದಿರಲಿಲ್ಲ, ಎಷ್ಟು ಹೊತ್ತಿನವರೆಗೆ ಎಂದು ಬರೆದಿರಲಿಲ್ಲ, ತಕರಾರಿದ್ದರೆ ಯಾರನ್ನು ಕೇಳಬೇಕೆಂದೂ ಬರೆದಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಹುಡುಗರು ತಿಳಿದರೆ ತಪ್ಪು ಅವರದ್ದಷ್ಟೇ ಅಲ್ಲ. ಊರ ಅಗಸಿಗೂ ಹೊತ್ತು ಗೊತ್ತು ಇತ್ತು. ಹಗಲು ತೆರೆದಿರುತ್ತಿತ್ತು, ರಾತ್ರಿ ಮುಚ್ಚುತ್ತಿತ್ತು, ಬಸುರಿಗೋ ರೋಗಿಗೋ ನಡುರಾತ್ರಿಯಲ್ಲೂ ತೆರೆಯುತ್ತಿತ್ತು. ನನ್ನ ಅಗಸಿಗೆ ಅಂಥ ಹೊತ್ತುಗೊತ್ತೇ ಇರಲಿಲ್ಲ.

ಆಮೇಲೆ ನಾವು ಎರಡು ಕೆಲಸ ಮಾಡಿದೆವು. ಹುಡುಗರನ್ನೇ ಕೂರಿಸಿಕೊಂಡು ಮಾತಾಡಿ, ರಾತ್ರಿ ಊಟದ ಮೇಲೆ ಎರಡು ಗಂಟೆ ಮತ್ತು ರವಿವಾರ ಮಧ್ಯಾಹ್ನ ಆಟದ ಕಿಟಕಿಗಳನ್ನು ತೆರೆದೆವು. ಪರೀಕ್ಷೆಯ ದಿನಗಳಲ್ಲಿ ಮುಚ್ಚುವುದೆಂದು ಅವರೇ ಒಪ್ಪಿದರು. ಎರಡನೆಯದಾಗಿ, ಕಚೇರಿಯ ಒಂದು ಹಳೆಯ ಕಂಪ್ಯೂಟರನ್ನು ಆಟದ ಸರ್ವರ್ ಮಾಡಿ ಕಾಲೇಜಿನ ಒಳಗೇ ಇಟ್ಟೆವು. ಹಾಸ್ಟೆಲಿನ ಹುಡುಗರು ತಮ್ಮತಮ್ಮಲ್ಲೇ ಆಡುವುದಾದರೆ ಪೊಟ್ಟಣ ಅಗಸಿ ದಾಟುವ ಅಗತ್ಯವೇ ಇಲ್ಲ. ಕೊಂಕಣವೂ ಬೇಡ, ಆಮ್‌ಸ್ಟರ್‌ಡಾಮೂ ಬೇಡ. ಸುರಂಗಗಳು ಪೂರ್ತಿ ಮುಚ್ಚಿದವೆಂದು ಹೇಳಲಾರೆ. ಆದರೆ ನನ್ನ ದಾಖಲೆಯಲ್ಲಿ ಅವು ಎಣಿಸುವಷ್ಟಕ್ಕೆ ಇಳಿದವು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟು. ಮಗ ಅಥವಾ ಮಗಳು ಪ್ರಾಕ್ಸಿ ಹಾಕಿದ್ದಾರೆಂದು ಕೇಳಿದಾಗ ಬೈಯುವ ಮೊದಲು ಮೂರು ಮಾತು ಕೇಳಿ. ನಿನ್ನ ದಲಾಲ ಯಾರು? ಅವನಿಗೆ ಸಿಗುವುದೇನು? ನೀನು ನಿದ್ದೆ ಹೋದಾಗ ಆ ಕಿಂಡಿ ಮುಚ್ಚಿರುತ್ತದೆಯೇ? ಈ ಮೂರಕ್ಕೆ ಉತ್ತರ ಬಲ್ಲ ಹುಡುಗ ಜಾಲದ ವಿದ್ಯೆಯನ್ನು ಅರ್ಧ ಕಲಿತಂತೆ. ಉತ್ತರ ಬಾರದಿದ್ದರೆ ಅವನು ಆಡುವುದನ್ನಲ್ಲ, ಆ ಕಿಂಡಿಯನ್ನು ಮೊದಲು ನಿಲ್ಲಿಸಿ.

ಆ ತಂದೆ ಈ ಸಭೆಯಲ್ಲಿ ಇದ್ದಾರೋ ಇಲ್ಲವೋ ನನಗೆ ತಿಳಿಯದು. ಇದ್ದರೆ ಅವರಿಗೆ ಹೇಳಬೇಕಾದದ್ದು ಇದು: "ನಿಮ್ಮ ಮಗ ಕಳವು ಮಾಡಿಲ್ಲರಿ, ಆಟಾನ ಆಡ್ಯಾನ. ಆದ್ರ ಆಟಕ್ಕ ಹೋಗೋ ಮುಂದ ತೆಗೆದ ಕಿಂಡಿ ಮುಚ್ಚದ ಬಂದಿದ್ದ, ಕಳವು ಮಾಡಿದಾಂವ ಬ್ಯಾರೆ. ಕಿಂಡಿ ತೆಗೀಬೇಕು ಅನ್ನೋ ಹಂಗ ಬಾಗಿಲಾ ಹಾಕಿದಾಂವ ನಾನು."